ಚಕ್ರದ ಮನೆ ಬೆಚ್ಚಗಾದ ಬಗ್ಗೆ ಒಂದು ದೂರು

ತೀರ್ಥಹಳ್ಳಿ
ಫೆಬ್ರವರಿ, ೧೯೬೬

ಸಾಗರದ ‘ರಾಮಚಂದ್ರಪ್ಪ ಟ್ರೇಲರ್ ಬಾಡಿಗೆ ಕಂಪನಿ’ಯ ಮಾಲೀಕರೂ, ಬಣ್ಣಬಣ್ಣದ ಹಸ್ತಪತ್ರಿಕೆಗಳ ಕರ್ತೃಗಳೂ, ತಮ್ಮದೇ ಮಾತಿನಲ್ಲಿ ಹೇಳುವುದಾದರೆ ಮಲೆನಾಡಿನ ಚಳಿಯ ಹುಟ್ಟಡಗಿಸಿದವರೂ ಆದ ಶ್ರೀ ರಾಮಚಂದ್ರಪ್ಪನವರ ಸನ್ನಿಧಿಗೆ,

ಮಾನ್ಯರೇ,

ತೀರ್ಥಹಳ್ಳಿಯಲ್ಲಿ ಅಕ್ಕಿ ಗಿರಣಿ ನಡೆಸಿಕೊಂಡಿರುವ ನಾಗರಾಜಪ್ಪನೆಂಬ ನಾನು, ತಮಗೂ ತಮ್ಮ ಕುಟುಂಬಕ್ಕೂ ತಮ್ಮ ಅಂಗಳದಲ್ಲಿ ಸಾಲಾಗಿ ನಿಂತಿರುವ ಚಕ್ರದ ಮನೆಗಳಿಗೂ ಕೈಮುಗಿದು, ಎಲ್ಲರೂ ಕ್ಷೇಮವೆಂದು ನಂಬಿ, ನನ್ನ ಮಟ್ಟಿಗೆ ಮೂಗು ಸೋರುವುದೊಂದು ಬಿಟ್ಟರೆ ಪರಮ ಸುಖಿಯೆಂದು ತಿಳಿಸುತ್ತಾ, ಈ ದೂರನ್ನು ತಮ್ಮ ಪಾದದ ಬಳಿ ಇಡುತ್ತಿದ್ದೇನೆ. ಖಾಸಗಿಯಾಗಿ ಬರೆಯಬಹುದಿತ್ತು. ಆದರೆ ಚಳಿಗಾಲದಲ್ಲಿ ಬಯಲಲ್ಲಿ ಬಿಡಾರ ಹೂಡಲು ತಕ್ಕ ಟ್ರೇಲರನ್ನು ಆರಿಸುವುದು ಹೇಗೆಂದು ನಾಳೆ ಇನ್ನೊಬ್ಬ ಬಡಪಾಯಿ ತಲೆ ಕೆರೆದುಕೊಳ್ಳುವಾಗ ನನ್ನ ಅನುಭವ ಅವನಿಗೂ ಸಿಗಲಿ ಎಂಬ ಲೋಕೋಪಕಾರದ ಬುದ್ಧಿಯಿಂದ ಪತ್ರಿಕೆಯಲ್ಲೇ ಅಚ್ಚುಹಾಕಿಸುತ್ತಿದ್ದೇನೆ. ಹಾಗೆಂದು ಇದರ ಗುಟ್ಟನ್ನು ತಾವು ಯಾರಿಗೂ ಹೇಳಬಾರದು. ಓದಿದವರೆಲ್ಲ ಓದದವರ ಹಾಗೆ ಇರಬೇಕೆಂದು ವಿನಂತಿ.

ಮೊದಲು ನನ್ನ ಆಸೆ ಏನಿತ್ತೆಂದು ಹೇಳಿಬಿಡುತ್ತೇನೆ. ನನ್ನ ಹೆಂಡತಿ ಜಲಜಮ್ಮನ ಜೊತೆ, ಬೇರೆ ಯಾರೂ ಇಲ್ಲದೆ, ಎಂಟು ದಿನ ಇರಬೇಕು. ಇಷ್ಟೇ. ಇದು ದೊಡ್ಡ ಆಸೆಯಲ್ಲವೆಂದು ತಮಗೆ ತೋರಿದರೆ, ತಾವು ನಮ್ಮ ಮನೆಯನ್ನು ನೋಡಿಲ್ಲ ಎಂದರ್ಥ. ನಮ್ಮ ಮನೆ ತೀರ್ಥಹಳ್ಳಿಯ ಬಸ್‌ಸ್ಟ್ಯಾಂಡಿಗೆ ತಾಗಿಕೊಂಡಂತಿದೆ. ಕೋರ್ಟಿಗೆ ಬಂದವರು, ಆಸ್ಪತ್ರೆಗೆ ಬಂದವರು, ಹೆಣ್ಣು ನೋಡಲು ಬಂದವರು, ನೋಡಿ ಒಪ್ಪದೆ ಹೊರಟವರು, ಎಲ್ಲರಿಗೂ ಕೊನೆಯ ಬಸ್ಸು ತಪ್ಪುತ್ತದೆ, ಮತ್ತು ಬಸ್ಸು ತಪ್ಪಿದವರೆಲ್ಲರೂ ಹೇಗೋ ನಮಗೆ ನೆಂಟರೇ ಆಗಿರುತ್ತಾರೆ. ಮದುವೆಯಾಗಿ ಇಪ್ಪತ್ತೆರಡು ವರ್ಷ ಜಲಜಮ್ಮ ಬಡಿಸಿದಳು, ನಾನು ನೆಂಟರ ಸಾಲಿನಲ್ಲಿ ಕೂತು ಉಂಡೆ. ಅವಳು ಹೆಚ್ಚು ಮಾತಾಡುವವಳಲ್ಲ ಎಂದೇ ನಾನು ಇಷ್ಟು ಕಾಲ ತಿಳಿದಿದ್ದೆ.

ಈ ವರ್ಷ ಸಂಕ್ರಾಂತಿಯ ಹೊತ್ತಿಗೆ ಗಿರಣಿಯ ಇಂಜಿನ್ ಕೆಟ್ಟು, ಅದರ ಒಂದು ಭಾಗ ಶಿವಮೊಗ್ಗೆಗೆ ರಿಪೇರಿಗೆ ಹೋದಾಗ, ಉಳಿದವರು ಅಯ್ಯೋ ಎಂದರು, ನಾನು ಮನಸ್ಸಿನಲ್ಲೇ ಆ ಇಂಜಿನ್ನಿಗೆ ಹೂವಿನ ಹಾರ ಹಾಕಿದೆ. ಆದರೆ ಹೋಗುವುದೆಲ್ಲಿಗೆ? ಸಾಗರಕ್ಕೆ ಹೋದರೆ ಅಲ್ಲಿ ನೆಂಟರು, ಹೊಸನಗರಕ್ಕೆ ಹೋದರೆ ಅವಳ ಅಣ್ಣ ದುಗ್ಗಪ್ಪನವರ ಮನೆ, ಪ್ರವಾಸಿ ಬಂಗಲೆಗೆ ಹೋಗೋಣವೆಂದರೆ ಅಲ್ಲಿಯ ಅಡುಗೆಯವನು ಅದೇ ದುಗ್ಗಪ್ಪನವರ ಹೆಂಡತಿಯ ಕಡೆಯವನು. ಟೆಂಟು ಹೊಡೆಯೋಣವೆಂದರೆ ಮಲೆನಾಡಿನ ಇಬ್ಬನಿಗೆ ಟೆಂಟು ಬೆಳಗಾಗುವಷ್ಟರಲ್ಲಿ ಒಗೆದು ಹಾಕಿದ ಪಂಚೆಯಾಗಿರುತ್ತದೆ. ಹೀಗೆ ದಾರಿಗಾಣದೆ ಕೂತಿದ್ದಾಗ ಸಾಮಾನು ಕಟ್ಟಿಬಂದ ತಮ್ಮ ಹಸ್ತಪತ್ರಿಕೆ ಕೈಗೆ ಸಿಕ್ಕಿತು. ಕಾರ್ಗಲ್ ಕಡೆ ಅಣೆಕಟ್ಟಿನ ಕೆಲಸ ಮುಗಿಸಿ ಹೋದ ಗುತ್ತಿಗೆದಾರರ ಚಕ್ರದ ಮನೆಗಳನ್ನು ತಾವು ಕೊಂಡು, ಬಣ್ಣ ಬಳಿದು, ಬಾಡಿಗೆಗೆ ಕೊಡುತ್ತಿದ್ದೀರೆಂದೂ, ‘ಜೀಪಿಗೆ ಕೊಂಡಿ ಹಾಕಿ, ಬೇಕಾದಲ್ಲಿ ನಿಲ್ಲಿಸಿ, ಎಂಥ ಚಳಿಯಲ್ಲೂ ಇಡೀ ಕುಟುಂಬ ಬೆಚ್ಚಗಿರಿ’ ಎಂದೂ ಅದರಲ್ಲಿ ಅಚ್ಚಾಗಿತ್ತು. ‘ಬೇಕಾದಲ್ಲಿ ನಿಲ್ಲಿಸಿ’ ಎಂಬಲ್ಲಿಗೆ ನನ್ನ ಎದೆ ಹಾರಿತು. ‘ಇಡೀ ಕುಟುಂಬ’ ಎಂಬುದನ್ನು ನಾನು ಸರಿಯಾಗಿ ಓದಲಿಲ್ಲ. ನನ್ನ ಸೋದರತ್ತೆ ಶೇಷಮ್ಮನವರು ಅದನ್ನು ಬೇರೆಯವರಿಂದ ಸರಿಯಾಗಿಯೇ ಓದಿಸಿಕೊಂಡರು.

ಜೀಪು ಇದ್ದದ್ದು ದುಗ್ಗಪ್ಪನವರಲ್ಲಿ, ಆದ್ದರಿಂದ ಅವರು ಬರಬೇಕಾಯಿತು. ಮನೆ ಆರಿಸುವ ಕೆಲಸ ಹಿರಿಯರಿಲ್ಲದೆ ಆಗುವುದಿಲ್ಲ, ಆದ್ದರಿಂದ ಶೇಷಮ್ಮನವರು ಬರಬೇಕಾಯಿತು. ಆ ದಿನ ಬಸ್ಸು ತಪ್ಪಿ ನಮ್ಮಲ್ಲಿ ಉಳಿದಿದ್ದ ಆರು ಮಂದಿ, ಹೇಗೂ ಜೀಪು ಹೋಗುತ್ತದಲ್ಲ ಎಂದು ಹತ್ತಿಕೊಂಡರು. ಹೀಗೆ ಇಬ್ಬರೇ ಇರಲು ಬೇಕಾದ ಮನೆಯನ್ನು ಆರಿಸಲು ನಾವು ಹತ್ತು ಮಂದಿ ಸಾಗರದ ತಮ್ಮ ಅಂಗಳಕ್ಕೆ ಬಂದಿಳಿದದ್ದು ತಮಗೆ ನೆನಪಿದೆ ಎಂದುಕೊಂಡಿದ್ದೇನೆ, ಏಕೆಂದರೆ ಅಷ್ಟೂ ಮಂದಿಗೆ ಕಾಫಿ ಮಾಡಿಸಿದವರು ತಾವೇ.

ತಮ್ಮಲ್ಲಿ ಮೂರು ಚಕ್ರದ ಮನೆಗಳಿದ್ದವು. ಒಂದು ಉದ್ದನೆಯ ಹಸಿರು ಬಣ್ಣದ್ದು, ಎರಡು ಪದರ ಹಲಗೆಯ ಗೋಡೆ, ನಡುವೆ ಮರದ ಹೊಟ್ಟು ತುಂಬಿದ್ದು, ಎಂಟು ಜನ ಮಲಗುವ ಜಾಗ. ಎರಡನೆಯದಕ್ಕೆ ಕಬ್ಬಿಣದ ಒಲೆ, ಹೊಗೆ ಹೋಗಲು ಕೊಳವೆ, ಮೂಲೆಯಲ್ಲಿ ನಿಂತು ಸ್ನಾನ ಮಾಡುವಷ್ಟು ಒಂದು ಗೂಡು. ಮೂರನೆಯದು ಚಿಕ್ಕದು, ಬೆಳ್ಳಿಯ ಬಣ್ಣದ್ದು, ಒಂದೇ ತಗಡಿನ ಗೋಡೆ, ಎರಡೇ ಹಾಸಿಗೆ. ನಾನು ಮೊದಲು ಎಣಿಸಿದ್ದೇ ಹಾಸಿಗೆಗಳನ್ನು. ಎರಡು ಎಂದು ಗೊತ್ತಾದ ಕೂಡಲೇ ಆ ಮನೆಗೆ ಮನಸೋತೆ, ಮತ್ತು ಚಳಿ, ಗಾಳಿ, ಗೋಡೆಯ ದಪ್ಪ ಮುಂತಾದ ಕ್ಷುಲ್ಲಕ ವಿಷಯಗಳನ್ನು ವಿಚಾರಿಸುವುದನ್ನು ಬಿಟ್ಟೆ. ಹೊಟ್ಟಿನೊಳಗೇ ಬದುಕುವ ಗಿರಣಿಯವನಾಗಿ, ಹೊಟ್ಟು ತುಂಬಿದ ಗೋಡೆ ಬೆಚ್ಚಗಿರುತ್ತದೆಂದು ನನಗೆ ತಿಳಿಯದೆ ಇರಲಿಲ್ಲ. ತಿಳಿಯದವನ ಹಾಗೆ ಇದ್ದೆ.

ದುಗ್ಗಪ್ಪನವರು ಉದ್ದನೆಯದರ ಗೋಡೆಯನ್ನು ಹಲಸಿನ ಹಣ್ಣು ತಟ್ಟಿದಂತೆ ತಟ್ಟಿ, “ಭಾವ, ಇದೇ ತಗಳಿ, ನಾಲ್ಕ್ ಜನ ಬಂದ್ರೆ ಹೋದ್ರೆ ಬೇಕಾಗ್ತದೆ” ಎಂದರು. ನಾಲ್ಕು ಜನ ಬಾರದಿರಲೆಂದೇ ಹೊರಟವನು ನಾನೆಂದು ಅವರಿಗೆ ಹೇಳುವುದು ಹೇಗೆ? ಶೇಷಮ್ಮನವರು ಎರಡನೆಯದರ ಸ್ನಾನದ ಗೂಡಿನೊಳಗೆ ಹೋಗಿ, ತಿರುಗಲಾರದೆ ಹಿಂದು ಹಿಂದಾಗಿಯೇ ಹೊರಬಂದು, “ಇದೆಂಥ ಬಚ್ಚಲ ನಾಗರಾಜ, ಹಂಡೆ ಇಡಕ್ಕೇ ಜಾಗ ಇಲ್ಲ. ಬೆನ್ನಿಗೆ ಬಿಸಿನೀರು ಬೀಳ್ದೆ ಚಳಿ ಹೋಗಾದು ಹ್ಯಾಂಗೆ?” ಎಂದು ಕೇಳಿದರು. ಜಲಜಮ್ಮ ಮೂರನೆಯದರ ಕಿಟಕಿಯಿಂದ ಒಳಗೆ ಇಣುಕಿ ನೋಡಿ, ಸೆರಗು ಸರಿಮಾಡಿಕೊಂಡು ದೂರ ನಿಂತಳು. ಆದರೆ ಅವಳೂ ಹಾಸಿಗೆ ಎಣಿಸಿದಳೆಂದು ನನಗೆ ಅನುಮಾನ ಬಂತು, ಸಂತೋಷವೂ ಆಯಿತು.

ಮಾನ್ಯರೇ, ಇನ್ನು ಮುಂದಿನದಕ್ಕೆ ತಾವೇ ಸಾಕ್ಷಿ. ಮಾತು ಮುಗಿಯದೆ ಅಂದು ಎಲ್ಲರೂ ಸಾಗರದಲ್ಲೇ ಉಳಿದೆವು. ಒಲೆ ಹಚ್ಚುವ ಜಾಗ ಯಾವುದಾದರೂ ಮನೆಯೇ, ಅದಕ್ಕೆ ಚಕ್ರವಿದ್ದರೂ ಹಾಲುಕ್ಕಿಸದೆ ಒಳಗೆ ಮಲಗುವಂತಿಲ್ಲ ಎಂದು ಶೇಷಮ್ಮನವರು ತೀರ್ಪು ಕೊಟ್ಟರು. ಮರುದಿನ ಮಂಜು ಇಳಿಯುತ್ತಿದ್ದ ಬೆಳಗಿನ ಹೊತ್ತಿನಲ್ಲಿ, ನಾನು ಹಟ ಹಿಡಿದಿದ್ದ ಚಿಕ್ಕ ಮನೆಯನ್ನೇ ಮೊದಲು ಪರೀಕ್ಷೆಗೆ ಆರಿಸಲಾಯಿತು. ಬಾಗಿಲು ಪೂರ್ವಕ್ಕೆ ಬರಬೇಕೆಂದು ಹತ್ತೂ ಮಂದಿ ಸೇರಿ ಇಡೀ ಮನೆಯನ್ನೇ ತಳ್ಳಿ ತಿರುಗಿಸಿದೆವು. ಜೀಪಿಗೆ ಕಟ್ಟಿ ಎಳೆದ ಕೂಡಲೇ ಬಾಗಿಲು ಹತ್ತು ದಿಕ್ಕಿಗೂ ತಿರುಗುತ್ತದೆಂದು ತಾವು ಹೇಳಹೊರಟಿರಿ, ಶೇಷಮ್ಮನವರ ಮುಖ ನೋಡಿ ಸುಮ್ಮನಾದಿರಿ. ಮೊದಲು ಹಸು ಒಳಗೆ ಹೋಗಬೇಕು. ಹಸು ಬಾಗಿಲಲ್ಲಿ ಹಿಡಿಸದ ಕಾರಣ ತಮ್ಮ ಮನೆಯ ಕೊಟ್ಟಿಗೆಯಿಂದಲೇ ಒಂದು ಕರುವನ್ನು ತಂದು ಹತ್ತಿಸಿದಿರಿ. ಅದರ ಹಿಂದೆ ನಾವು ಹತ್ತು ಮಂದಿ, ತಾವು ಒಬ್ಬರು, ಹಾಲಿನ ಪಾತ್ರೆ, ಸೀಮೆಎಣ್ಣೆಯ ಸ್ಟೋವು. ಚಳಿ ಬರುತ್ತದೆಂದು ಯಾರೋ ಬಾಗಿಲು ಹಾಕಿದರು.

ಆಹಾ, ಆ ಬಿಸಿ! ಹಾಲು ಉಕ್ಕುವ ಮೊದಲೇ ಎಲ್ಲರೂ ಕಂಬಳಿ ತೆಗೆದರು. ದುಗ್ಗಪ್ಪನವರು ಕೋಟು ಬಿಚ್ಚಿದರು. ತಾವೂ ಹಣೆ ಒರೆಸಿಕೊಂಡದ್ದನ್ನು ನಾನು ಈ ಕಣ್ಣಿನಿಂದ ಕಂಡೆ, ಈಗ ಇಲ್ಲವೆನ್ನಬೇಡಿ. ಶೇಷಮ್ಮನವರು ತಗಡಿನ ಗೋಡೆಗೆ ಅಂಗೈ ಇಟ್ಟು, “ಇದರಂಥ ಬೆಚ್ಚನೆ ಮನೆ ನಾ ಕಂಡಿಲ್ಲ, ಗೋಡೆಯೇ ಬಿಸಿ ಅದೆ” ಎಂದು ಸರ್ಟಿಫಿಕೇಟು ಕೊಟ್ಟರು. ಹನ್ನೊಂದು ಮಂದಿ ಮತ್ತು ಒಂದು ಕರು ಉಸಿರಾಡಿದರೆ ಯಾವ ಗೋಡೆಯೂ ಬಿಸಿಯಾಗುತ್ತದೆ ಎಂಬುದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ, ಏಕೆಂದರೆ ಮನುಷ್ಯರಿಲ್ಲದ ಮನೆ ಹೇಗಿರುತ್ತದೆಂದು ನಮ್ಮ ಪೈಕಿ ಯಾರೂ ಕಂಡವರಲ್ಲ. ಕೊನೆಗೆ ಕರುವೂ ನಮ್ಮ ಆಯ್ಕೆಗೆ ಸಮ್ಮತಿ ಸೂಚಿಸಿ, ಹೊರಗಿನ ಮಂಜಿಗೆ ಇಳಿಯಲಾರೆನೆಂದು ನಾಲ್ಕು ಕಾಲೂ ಊರಿ ನಿಂತಿತು. ಎಳೆದರೂ ಬರಲಿಲ್ಲ, ತಳ್ಳಿದರೂ ಬರಲಿಲ್ಲ. ಎಲ್ಲರೂ ಕೈಚೆಲ್ಲಿ ಒಬ್ಬೊಬ್ಬರಾಗಿ ಕೆಳಗಿಳಿದಾಗ ಮಂಜಿನಲ್ಲಿ ಎಲ್ಲೋ ಒಂದು ಸಣ್ಣ ಸಿಳ್ಳೆ ಕೇಳಿಸಿತು, ಕರು ಕಿವಿ ನಿಮಿರಿಸಿ ತಾನಾಗಿಯೇ ಇಳಿದುಹೋಯಿತು. ಸಿಳ್ಳೆ ಹಾಕಿದವರು ತಮ್ಮ ಆಳು ಎಂದು ನಾವೂ, ನಮ್ಮ ಕಡೆಯವರು ಎಂದು ತಾವೂ ತಿಳಿದೆವು.

ಹೀಗೆ ಬೆಚ್ಚಗಿನ ಮನೆಯೆಂಬ ಕೀರ್ತಿ ಹೊತ್ತು ಚಿಕ್ಕ ಮನೆಯೇ ಗೆದ್ದಿತು. ಎರಡೇ ಹಾಸಿಗೆ ಇರುವುದರಿಂದ ಉಳಿದವರು ಬರಲಾರರೆಂದು ನಾನು ತೀರಾ ದುಃಖದ ಮುಖ ಮಾಡಿ ತಿಳಿಸಿದೆ. ದುಗ್ಗಪ್ಪನವರು ನಮ್ಮನ್ನು ಹೊಸನಗರ ದಾಟಿಸಿ, ನಗರವೆಂಬ ಊರಿನ ಆಚೆ, ಕೊಡಚಾದ್ರಿ ಎದುರಿಗೆ ಕಾಣುವ ಒಂದು ಬಯಲಲ್ಲಿ ಮನೆಯ ಸಮೇತ ಬಿಟ್ಟು, ಎಂಟು ದಿನಕ್ಕೆ ಬರುತ್ತೇನೆಂದು ಹೇಳಿ ಹೋದರು. ಜೀಪಿನ ಸದ್ದು ದೂರವಾದ ಮೇಲೆ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಜಲಜಮ್ಮ ಅಭ್ಯಾಸಬಲದಿಂದ ಎಂಟು ಜನಕ್ಕೆ ಆಗುವಷ್ಟು ಅನ್ನ ಮಾಡಿದಳು.

ಸೂರ್ಯ ಗುಡ್ಡದ ಹಿಂದೆ ಸರಿದ ಮೇಲೆ ತಮ್ಮ ಮನೆಯ ನಿಜವಾದ ಪ್ರತಿಭೆ ಹೊರಬಿತ್ತು. ಮಾನ್ಯರೇ, ನಾನು ಹೊಟ್ಟೆಕಿಚ್ಚಿಲ್ಲದೆ ಹೊಗಳುತ್ತೇನೆ: ಹೊರಗಿನ ಚಳಿಯನ್ನು ಒಳಗೆ ತಂದು, ಅಲ್ಲೇ ಕೂಡಿಹಾಕಿ, ಬೆಳಗಿನವರೆಗೆ ಕೆಡದಂತೆ ಕಾಪಾಡುವ ಇಂಥ ಯಂತ್ರವನ್ನು ನಾನು ಬೇರೆ ಕಡೆ ಕಂಡಿಲ್ಲ. ನೆಲದ ಹಲಗೆಗಳ ಸಂದಿಯಿಂದ ಗಾಳಿ ಎದ್ದು ಪಂಚೆಯೊಳಗೆ ಹೊಕ್ಕು ಕುಶಲ ವಿಚಾರಿಸುತ್ತಿತ್ತು. ನಮ್ಮ ಉಸಿರೇ ಮೇಲಿನ ತಗಡಿಗೆ ತಾಗಿ ಹನಿಯಾಗಿ, ಒಂದು ನನ್ನ ನೆತ್ತಿಗೆ, ಒಂದು ಅವಳ ನೆತ್ತಿಗೆ, ಪಕ್ಷಪಾತವಿಲ್ಲದೆ ಬೀಳುತ್ತಿತ್ತು. ಕೊಬ್ಬರಿ ಎಣ್ಣೆ ಬಾಟಲಿಯಲ್ಲಿ ಕಲ್ಲಾಯಿತು. ಸ್ಟೋವು ಹಚ್ಚಿದರೆ ಹೊಗೆಗೆ ಕಣ್ಣು ಉರಿಯಿತು, ಹೊಗೆ ಹೋಗಲೆಂದು ಕಿಟಕಿ ತೆಗೆದರೆ ಕೊಡಚಾದ್ರಿಯೇ ಒಳಗೆ ಬಂತು. ಎರಡು ಹಾಸಿಗೆಗಳ ನಡುವೆ ತಾವು ಇಟ್ಟಿದ್ದ ಗೌರವಾನ್ವಿತ ಅಂತರವನ್ನು ಮೊದಲ ದಿನವೇ ರದ್ದುಪಡಿಸಿ, ಇದ್ದ ಎರಡು ಕಂಬಳಿಯನ್ನೂ ಒಂದರ ಮೇಲೊಂದು ಹೊದ್ದು, ಒಂದೇ ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂರಬೇಕಾಯಿತು. ಇಷ್ಟಕ್ಕೆಲ್ಲ ತಾವೇ ಹೊಣೆ.

ಹಲ್ಲು ಕಟಕಟಿಸುವಾಗ ಮನುಷ್ಯ ಸುಮ್ಮನಿರುವುದು ಕಷ್ಟ. ಜಲಜಮ್ಮ ಮಾತಾಡತೊಡಗಿದಳು. ನಮ್ಮ ಮನೆಗೆ ಬರುವ ಒಬ್ಬೊಬ್ಬ ನೆಂಟರಿಗೂ ಅವಳು ಮನಸ್ಸಿನಲ್ಲೇ ಒಂದೊಂದು ಹೆಸರಿಟ್ಟಿದ್ದಾಳೆಂದು ನನಗೆ ಆಗ ತಿಳಿಯಿತು. ಯಾವಾಗಲೂ ವ್ಯಾಜ್ಯದ ಕತೆ ಹೇಳುವವರು ‘ವಾಯಿದೆ ಮಾವ’, ಕಾಫಿ ಕುಡಿದು ಲೋಟ ಕೆಳಗಿಡದೆ ಹಿಡಿದೇ ಕೂರುವವರು ‘ಇನ್ನೊಂದ್ ತೊಟ್ಟು’. ಅವರು ನಡೆಯುವುದು, ಕೆಮ್ಮುವುದು, ಎಲೆಗೆ ಸುಣ್ಣ ಹಚ್ಚುವುದು, ಎಲ್ಲವನ್ನೂ ಕಂಬಳಿಯೊಳಗಿಂದಲೇ ಮಾಡಿ ತೋರಿಸಿದಳು. ನನಗೂ ಒಂದು ಹೆಸರು ಇದೆಯೇ ಎಂದು ಕೇಳಿದೆ. “ಅದೆ. ಗೋಡೆ ಗಡಿಯಾರ. ಊಟದ ಹೊತ್ತಿಗೆ ಸರೀ ಹೊಡ್ಕಂತೀರಿ, ಆಮೇಲೆ ಗೋಡೆಗೆ ತೂಗಿಕಂಡು ಸುಮ್ನಾಗ್ತೀರಿ” ಎಂದಳು. ನಾನು ನಕ್ಕ ರಭಸಕ್ಕೆ ಸ್ಟೋವು ಆರಿಹೋಯಿತು. ಮದುವೆಯಾದ ವರ್ಷ ನನಗೆ ಮಾತೇ ಬರುವುದಿಲ್ಲವೆಂದು ತಿಳಿದು ತನ್ನ ಅಣ್ಣನಲ್ಲಿ ವಿಚಾರಿಸಿದ್ದಳಂತೆ. ಅವಳ ಬಗ್ಗೆ ನಾನು ತಿಳಿದದ್ದೂ ಹೆಚ್ಚುಕಡಿಮೆ ಅದೇ. ಬಾಯಿದ್ದ ಇಬ್ಬರು ಮೂಗರು ಒಂದೇ ಮನೆಯಲ್ಲಿ ಇಷ್ಟು ವರ್ಷ ಇದ್ದೆವಲ್ಲ ಎಂದು ಅವಳಿಗೆ ಹೇಳಿಯೂಬಿಟ್ಟೆ.

ಮರುದಿನ ಬೆಳಿಗ್ಗೆ ಎದ್ದರೆ ಪಕ್ಕದಲ್ಲಿ ಅವಳಿಲ್ಲ. ಹೊರಗೆ ಮಂಜಿನಲ್ಲಿ ಸಿಳ್ಳೆ ಕೇಳಿಸುತ್ತಿತ್ತು. ಬಾಗಿಲು ತೆಗೆದು ನೋಡಿದರೆ ಜಲಜಮ್ಮ ನನ್ನ ಕೋಟು ತೊಟ್ಟುಕೊಂಡು, ಬಯಲ ನಡುವೆ ನಿಂತು, ಗುಡ್ಡದ ಕಡೆ ಮುಖ ಮಾಡಿ ಸಿಳ್ಳೆ ಹಾಕುತ್ತಿದ್ದಾಳೆ. ಕೆಳಗಿನ ಊರಿನ ಎರಡು ಕರುಗಳು ಬಂದು ಅವಳೆದುರು ನಿಂತಿವೆ. ಚಿಕ್ಕವಳಿದ್ದಾಗ ದನ ಕಾಯಲು ಹೋಗಿ ಕಲಿತದ್ದಂತೆ, ಮದುವೆಯಾದ ಮೇಲೆ ಹೆಂಗಸರು ಸಿಳ್ಳೆ ಹಾಕಬಾರದೆಂದು ಬಿಟ್ಟದ್ದಂತೆ. ಸಾಗರದಲ್ಲಿ ತಮ್ಮ ಕರುವನ್ನು ಇಳಿಸಿದವಳು ಅವಳೇ ಎಂದು ಈ ಮೂಲಕ ತಮಗೆ ತಿಳಿಯಪಡಿಸುತ್ತೇನೆ. ಅಂದು ಚಳಿ ಎಷ್ಟಿತ್ತೋ ನನಗೆ ತಿಳಿಯದು. ಬರಿಗಾಲಲ್ಲಿ ಇಬ್ಬನಿಯ ಮೇಲೆ ನಿಂತಿದ್ದೆ, ಅಷ್ಟು ಸಂತೋಷ ನನಗೆ ಹಿಂದೆ ಯಾವತ್ತೂ ಆಗಿರಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ಜೀಪು ಬಂತು. ಶೇಷಮ್ಮನವರಿಗೆ ಕನಸು ಬಿದ್ದಿತಂತೆ, ನಾವು ಚಳಿಗೆ ಸೆಟೆದು ಕೂತಿರುವ ಹಾಗೆ. ಅವರು, ದುಗ್ಗಪ್ಪನವರು, ವಾಯಿದೆ ಮಾವ, ಇನ್ನೊಂದ್ ತೊಟ್ಟು, ಅವರ ಹಿಂದೆ ಬಸ್ಸು ತಪ್ಪಿದ ಇನ್ನು ನಾಲ್ವರು, ಎಲ್ಲರ ತೊಡೆಯ ಮೇಲೆ ಒಂದು ತಾಮ್ರದ ಹಂಡೆ. “ಎಂತಾದ್ರೂ ಆಗ್ಲಿ, ನಿಮ್ಮಿಬ್ರನ್ನೇ ಬಿಟ್ಟು ಹ್ಯಾಂಗಿರಾದು ಮಾರಾಯ” ಎಂದು ಶೇಷಮ್ಮನವರು ನನ್ನ ತಲೆ ಸವರಿದರು. ಅವರ ಪ್ರೀತಿಯಲ್ಲಿ ಕುಂದಿಲ್ಲ, ಅದೇ ನನ್ನ ಕಷ್ಟ. ಎಲ್ಲರೂ ಒಳಗೆ ಹೊಕ್ಕರು, ಬಾಗಿಲು ಹಾಕಿದರು, ಮತ್ತು ತಮ್ಮ ಮನೆ ಹಾಲುಕ್ಕಿಸಿದ ದಿನದಂತೆಯೇ ಬೆಚ್ಚಗಾಯಿತು. ಹನಿ ನಿಂತಿತು, ಕೊಬ್ಬರಿ ಎಣ್ಣೆ ಕರಗಿತು. ಜಲಜಮ್ಮ ಕೋಟು ಮಡಿಸಿಟ್ಟು, ಹೊರಗೆ ಕಲ್ಲು ಹೂಡಿದ ಒಲೆಯ ಮುಂದೆ ಕೂತಳು, ಮತ್ತೆ ಮಾತಾಡಲಿಲ್ಲ. ಒಂದೇ ಒಂದು ಸಲ, ಎಲ್ಲರೂ ಉಣ್ಣುತ್ತಿದ್ದಾಗ, ಹೊರಗಿನ ಒಲೆಯ ಕಡೆಯಿಂದ ಸಣ್ಣದೊಂದು ಸಿಳ್ಳೆ ಕೇಳಿಸಿತು. ಅದು ಯಾವ ಹಕ್ಕಿಯೆಂದು ದುಗ್ಗಪ್ಪನವರು ಈಗಲೂ ಕಂಡಕಂಡವರನ್ನು ವಿಚಾರಿಸುತ್ತಿದ್ದಾರೆ.

ಆದ್ದರಿಂದ, ಮಾನ್ಯರೇ, ನನ್ನ ದೂರು ತಮ್ಮ ಮನೆ ತಣ್ಣಗಿತ್ತು ಎಂಬುದಲ್ಲ. ಅದು ಬೆಚ್ಚಗಾಯಿತು ಎಂಬುದು. ಎರಡು ದಿನ ಅಷ್ಟು ನಿಷ್ಠೆಯಿಂದ ಕೊರೆದ ಮನೆ, ನೆಂಟರನ್ನು ಕಂಡೊಡನೆ ತನ್ನ ಧರ್ಮ ಬಿಟ್ಟಿತು. ಮುಂದಿನ ಚಳಿಗಾಲಕ್ಕೆ ಇದೇ ಮನೆಯನ್ನು ನನ್ನ ಹೆಸರಿಗೆ ಕಾದಿರಿಸಿ, ಈ ಕೆಳಗಿನ ದುರಸ್ತಿಗಳನ್ನು ದಯಮಾಡಿ ಮಾಡಿಸಬೇಕು. ನೆಲದ ಸಂದಿಗಳನ್ನು ಇನ್ನೂ ಅಗಲ ಮಾಡಿಸಿ. ಗೋಡೆಗೆ ಹೊಟ್ಟು ತುಂಬುವ ಯೋಚನೆಯನ್ನು ಯಾರಾದರೂ ಕೊಟ್ಟರೆ ಅವರನ್ನು ಅಂಗಳದಿಂದ ಹೊರಗೆ ಹಾಕಿ. ಬಾಗಿಲನ್ನು ಹಂಡೆ ತೂರದಷ್ಟು ಕಿರಿದು ಮಾಡಿಸಿ, ಆದರೆ ಶೇಷಮ್ಮನವರಿಗೆ ಅವಮಾನವಾಗದ ಹಾಗೆ. ಮೂರನೆಯ ಮನುಷ್ಯ ಒಳಗೆ ಕಾಲಿಟ್ಟ ಕೂಡಲೇ ಚಕ್ರಗಳು ತಾವಾಗಿಯೇ ಉರುಳಿ ಮನೆ ಮುಂದಿನ ಗುಡ್ಡಕ್ಕೆ ಹೋಗಿ ನಿಲ್ಲುವಂಥ ಏನಾದರೂ ಉಪಾಯ ತಮ್ಮ ಮೇಸ್ತ್ರಿಗೆ ಗೊತ್ತಿದ್ದರೆ ವಿಚಾರಿಸಿ. ಇದಾವುದೂ ಆಗದಿದ್ದರೆ, ಕೊಡಚಾದ್ರಿಯ ಚಳಿಯನ್ನೇ ಇನ್ನೊಂದು ಸುತ್ತು ಹೆಚ್ಚಿಸಿ ಕೊಡಿ. ಚಳಿಯನ್ನು ಗೆದ್ದವರಿಗೆ ಅದನ್ನು ಸ್ವಲ್ಪ ಬಿಟ್ಟುಕೊಡುವುದು ಕಷ್ಟವಾಗಲಾರದು.

ಚಳಿಗಾಲಕ್ಕೆ ಟ್ರೇಲರು ಹುಡುಕುವ ಉಳಿದ ಮಹನೀಯರಿಗೆ ನನ್ನ ಸಲಹೆ ಇಷ್ಟೇ: ಬೆಚ್ಚಗಿರಬೇಕೆಂದಿದ್ದರೆ ಹಸಿರು ಬಣ್ಣದ್ದು ತೆಗೆದುಕೊಳ್ಳಿ, ಒಳ್ಳೆಯ ಗೋಡೆ. ಬೆಳ್ಳಿಯ ಬಣ್ಣದ್ದರ ಕಡೆ ಕಣ್ಣೆತ್ತಿಯೂ ನೋಡಬೇಡಿ, ಅದು ಸೋರುತ್ತದೆ, ಕೊರೆಯುತ್ತದೆ, ಅದರಲ್ಲಿ ಮನುಷ್ಯರು ಬದುಕಲಾರರು, ಮತ್ತು ಅದು ನನಗೆ ಬೇಕು.

ತಮ್ಮ ಸಂಸ್ಥೆಯ ಏಳಿಗೆಯನ್ನೂ ತಮ್ಮ ತಗಡುಗಳ ತೆಳ್ಳಗಿನ ಆರೋಗ್ಯವನ್ನೂ ಸದಾ ಬಯಸುವ,

ತಮ್ಮ ವಿಶ್ವಾಸಿ,
ನಾಗರಾಜಪ್ಪ

ಮರೆತ ಮಾತು: ಶೇಷಮ್ಮನವರಿಗೆ ಪತ್ರಿಕೆ ಓದಿಹೇಳುವವಳು ಜಲಜಮ್ಮನೇ ಆದ್ದರಿಂದ ಇದು ಅಚ್ಚಾಗುವ ಬಗ್ಗೆ ನನಗೆ ಹೆದರಿಕೆಯಿಲ್ಲ. ಅಂಚೆಗೆ ಹಾಕುವ ಮೊದಲು ಅವಳಿಗೆ ತೋರಿಸಿದೆ. ಒಂದು ವಾಕ್ಯ ಹೊಡೆದುಹಾಕಿದಳು, ಯಾವುದೆಂದು ಕೇಳಬೇಡಿ. ಪತ್ರ ಮಡಿಸಿ ಕೊಡುವಾಗ, “ಮುಂದಿನ ಚಳಿಗಾಲ ಭಾಳ ದೂರ ಆತು. ಬ್ಯಾಸಿಗೇಲಿ ಅದು ಖಾಲಿ ಇರ್ತದಾ ಕೇಳಿ” ಎಂದಳು. ಬೇಸಿಗೆಯಲ್ಲಿ ಆ ತಗಡಿನೊಳಗೆ ಮನುಷ್ಯರು ಬೆಂದುಹೋಗುತ್ತಾರೆಂದು ಹೇಳಿದೆ. “ಬೇಯ್ಲಿ” ಎಂದಳು. ತಮ್ಮ ಹಸ್ತಪತ್ರಿಕೆಯಲ್ಲಿ ಈ ಬಗೆಯ ಗಿರಾಕಿಗೆ ಜಾಗವಿಲ್ಲವೆಂದು ಬಲ್ಲೆ, ಆದರೂ ಮನೆ ಖಾಲಿಯಿಲ್ಲವೆಂದು ಬರೆಯುವ ಧೈರ್ಯ ಮಾಡಬೇಡಿ. ಇದ್ದವರನ್ನು ಇಳಿಸಿಯಾದರೂ ಕೊಡಿ.